ಏಜೆಂಟ್ ಕೈಗೆ ಕಮಾಂಡ್‌ಲೈನ್ ಕೊಟ್ಟಾಗ ಕೆಲಸದ ಲೆಕ್ಕವನ್ನೂ ಕಡತಗಳನ್ನೂ ಕಾಯುವುದು ಹೇಗೆ?

ಪ್ರಶ್ನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಶಿರಸಿ ಸಮೀಪದ ಹಳ್ಳಿಯ ಮನೆಯಿಂದಲೇ ಕೆಲಸ ಮಾಡುತ್ತ, ಅಡಿಕೆ ಬೆಳೆಗಾರರ ಮಾರಾಟದ ಲೆಕ್ಕ ಇಡುವ ಚಿಕ್ಕ ತಂತ್ರಾಂಶವೊಂದನ್ನು ಎಐ ಕೋಡಿಂಗ್ ಏಜೆಂಟ್ (ಆದೇಶಗಳನ್ನು ತಾನೇ ಓಡಿಸಿ ಕೋಡ್ ಬರೆಯುವ ಎಐ ಸಹಾಯಕ) ನೆರವಿನಿಂದ ಬರೆಯುತ್ತಿದ್ದೇನೆ. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು ಎಂಬ ಅಡಿಕೆಯ ಬಗೆಗಳಿಗೆಲ್ಲ ಬೇರೆಬೇರೆ ದರ ಇರುವುದರಿಂದ ಕೆಲಸ ಚಿಕ್ಕಚಿಕ್ಕ ಭಾಗಗಳಾಗಿ ಒಡೆಯುತ್ತದೆ.

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ನಮ್ಮಲ್ಲಿ ಕರೆಂಟು ಬರುವುದು ಯಾವಾಗಲೋ. ಅಷ್ಟರಲ್ಲಿ ಏಜೆಂಟ್ ಜೊತೆಗಿನ ಸೆಷನ್ (ಒಂದು ಸಲದ ಮಾತುಕತೆ) ಮುರಿದಿರುತ್ತದೆ. ಹೊಸ ಸೆಷನ್‌ನಲ್ಲಿ ಏಜೆಂಟ್ ಮುಗಿದ ಕೆಲಸವನ್ನೇ ಮತ್ತೆ ಮಾಡುತ್ತದೆ, ಇಲ್ಲವೇ ಅರ್ಧ ಉಳಿದದ್ದನ್ನು ಮುಗಿಯಿತೆಂದು ತಿಳಿಯುತ್ತದೆ. ಇದು ಮೊದಲನೆಯ ತೊಂದರೆ.

ಎರಡನೆಯದು ಹೆಚ್ಚು ನೋವಿನದು. ನನ್ನ ಶೆಲ್‌ನಲ್ಲಿ (ಆದೇಶ ಟೈಪಿಸುವ ಕಿಟಕಿ) ಕಡತ ನಕಲಿಸುವ ‘ಸಿಪಿ’ ಆದೇಶ ಬರೆದರೆ ಅದು ‘ಸಿಪಿ -ಐ’ (ಮೇಲೆ ಬರೆಯುವ ಮುನ್ನ ಕೇಳು) ಆಗುವಂತೆ ಅಡ್ಡಹೆಸರು (ಏಲಿಯಸ್) ಇದೆ. ಏಜೆಂಟ್ ಕಡತವೊಂದನ್ನು ನಕಲಿಸಹೋದಾಗ ಮೇಲೆ ಬರೆಯಲೇ ಎಂಬ ಪ್ರಶ್ನೆ ಬಂದು, ಉತ್ತರಿಸುವವರಿಲ್ಲದೆ ಬಹಳ ಹೊತ್ತು ಹಾಗೇ ನಿಂತಿತು. ನಾನು ಅದನ್ನು ನಿಲ್ಲಿಸಿ ಮುಂದುವರಿಸೆಂದೆ. ಅದು ಫೋಲ್ಡರ್ ಚೊಕ್ಕಟ ಮಾಡಲೆಂದು ಗಿಟ್‌ನ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ) ‘ಗಿಟ್ ಕ್ಲೀನ್ -ಎಫ್‌ಡಿ’ ಆದೇಶ ಓಡಿಸಿ, ಪರೀಕ್ಷೆಗೆಂದು ನೆರೆಯವರು ನಂಬಿ ಕೊಟ್ಟಿದ್ದ ಕಳೆದ ವರ್ಷದ ತೂಕದ ಲೆಕ್ಕದ ಕಡತಗಳನ್ನೆಲ್ಲ ಅಳಿಸಿಬಿಟ್ಟಿತು. ಅವು ಗಿಟ್‌ಗೆ ಸೇರಿರಲಿಲ್ಲ. ಮರಳಿ ಪಡೆಯಲು ದಾರಿ ಇದೆಯೇ? ಮುಂದೆ ಹೀಗಾಗದಂತೆ ತಾವೆಲ್ಲ ಏನು ಮಾಡುತ್ತೀರಿ?

ಉತ್ತರ (ಕಾರವಾರ)

ಮೊದಲು ಕಡತಗಳ ವಿಷಯ. ಗಿಟ್‌ನ ರಿಫ್‌ಲಾಗ್ ಎಂಬ ದಿನಚರಿ ನೆನಪಿಡುವುದು ಕಮಿಟ್‌ಗಳ (ಗಿಟ್‌ನಲ್ಲಿ ದಾಖಲಾದ ಬದಲಾವಣೆಗಳ) ಜಾಡನ್ನು ಮಾತ್ರ: ಸಾಮಾನ್ಯವಾಗಿ 90 ದಿನ, ಶಾಖೆಯ ಈಗಿನ ತುದಿಯಿಂದ ಎಟುಕದ ಕಮಿಟ್‌ಗಳಾದರೆ 30 ದಿನ. ಆ ಕಡತಗಳಿಗೆ ಒಮ್ಮೆಯಾದರೂ ‘ಗಿಟ್ ಆಡ್’ (ಕಮಿಟ್‌ಗೆ ಸಿದ್ಧಪಡಿಸುವ ಆದೇಶ) ಮಾಡಿದ್ದರೆ, ಕಮಿಟ್ ಆಗಿರದಿದ್ದರೂ, ‘ಗಿಟ್ ಎಫ್‌ಎಸ್‌ಸಿಕೆ --ಲಾಸ್ಟ್-ಫೌಂಡ್’ ಎಂಬುದರಿಂದ ಒಳಗಿನ ಪಠ್ಯ ಸಿಗುವ ಸಾಧ್ಯತೆ ಇದೆ. ಅದೂ ಇಲ್ಲವಾದರೆ ಗಿಟ್‌ನಿಂದ ಸಹಾಯ ಸಿಗದು. ಮೇಲ್, ಮೊಬೈಲ್, ಪೆನ್‌ಡ್ರೈವ್‌ಗಳಲ್ಲಿ ನಕಲು ಉಳಿದಿದೆಯೇ ನೋಡಿ.

ಮುಂದಿನ ಜಾಗ್ರತೆಯ ಬಗ್ಗೆ ನನ್ನದು ಖಚಿತ ಅಭಿಪ್ರಾಯ. ಏಜೆಂಟ್ ಓದುವ ಸೂಚನೆಗಳ ‘ಏಜೆಂಟ್ಸ್.ಎಂಡಿ’ ಕಡತದಲ್ಲಿ “ಏನನ್ನೂ ಅಳಿಸಬೇಡ” ಎಂದು ಬರೆದಿಡುವುದು ಒಳ್ಳೆಯದೇ, ಆದರೆ ಅದು ಸೂಚನೆಯೇ ಹೊರತು ತಡೆಯಲ್ಲ. ದನಕ್ಕೆ ಬುದ್ಧಿ ಹೇಳಿ ಯಾರೂ ಗದ್ದೆ ಕಾಯುವುದಿಲ್ಲ, ಬೇಲಿ ಹಾಕುತ್ತೇವೆ. ಏಜೆಂಟ್‌ನ ಅನುಮತಿ ಪಟ್ಟಿಯಲ್ಲಿ ಕಡತ ಅಳಿಸುವ ಆರ್‌ಎಂ ಆದೇಶವನ್ನು ನಿಷೇಧಿಸಿದರೂ ಪೈಥಾನ್‌ನ ಒಂದೇ ಸಾಲಿನಿಂದ ಅದು ಅದೇ ಕಡತವನ್ನು ಅಳಿಸಬಲ್ಲದು. ಆದ್ದರಿಂದ ನಾನು ಏಜೆಂಟ್‌ಗೆಂದೇ ಲಿನಕ್ಸ್‌ನಲ್ಲಿ ಬೇರೆ ಬಳಕೆದಾರ ಖಾತೆ ಮಾಡಿದ್ದೇನೆ. ನಿಜವಾದ ದತ್ತಾಂಶ ಇರುವ ಫೋಲ್ಡರ್ ಮತ್ತು ಅದರ ಒಳಗಿನ ಕಡತಗಳು ಆ ಖಾತೆಗೆ ಓದಲು ಮಾತ್ರ ಸಿಗುತ್ತವೆ, ಮತ್ತು ಆ ಫೋಲ್ಡರ್ ಕೋಡ್‌ನ ರೆಪಾಸಿಟರಿಯಿಂದ (ಗಿಟ್ ನೋಡಿಕೊಳ್ಳುವ ಫೋಲ್ಡರ್) ಹೊರಗೇ ಇದೆ. 2015ರಲ್ಲಿ ಗಿಟ್ 2.5ರೊಂದಿಗೆ ಬಂದ ‘ವರ್ಕ್‌ಟ್ರೀ’ ಬಳಸಿ ಏಜೆಂಟ್‌ಗೆ ಪ್ರತ್ಯೇಕ ಕೆಲಸದ ಜಾಗ ಕೊಡುವುದೂ ಅನುಕೂಲವೇ, ಆದರೆ ಅದನ್ನು ಬೇಲಿ ಎಂದು ಭಾವಿಸಬಾರದು. ಏಜೆಂಟ್ ಅಲ್ಲಿಂದ ಆಚೆ ಹೋಗದಂತೆ ತಡೆಯುವ ಶಕ್ತಿ ಅದಕ್ಕಿಲ್ಲ.

‘ಗಿಟ್ ಕ್ಲೀನ್’ಗೆ ಮೊದಲು -ಎನ್ ಕೊಟ್ಟು, ಏನೇನು ಹೋಗುತ್ತದೆ ಎಂಬ ಪಟ್ಟಿಯನ್ನು ತಾವೇ ಕಣ್ಣಾರೆ ಓದಿ. ಇನ್ನು ಪ್ರಶ್ನೆ ಕೇಳಿ ನಿಲ್ಲುವ ತೊಂದರೆಗೆ, ಸಿಪಿ, ಎಂವಿ (ಕಡತ ಸರಿಸುವ ಆದೇಶ), ಆರ್‌ಎಂ ಮೂರಕ್ಕೂ -ಎಫ್ (ಒತ್ತಾಯದಿಂದ ಮಾಡು) ಸೇರಿಸುವಂತೆ ಏಜೆಂಟ್‌ಗೆ ಸೂಚನೆ ಬರೆದರೆ ಸಾಕು.

ಉತ್ತರ (ಕುಮಟಾ)

ಮೇಲಿನವರ ಮಾತನ್ನು ಬಹುತೇಕ ಒಪ್ಪುತ್ತೇನೆ. ಕೊನೆಯ ಸಾಲಿಗೆ ಮಾತ್ರ ತಿದ್ದುಪಡಿ ಬೇಕು. ಲಿನಕ್ಸ್‌ನ ಗ್ನೂ ಸಿಪಿಯಲ್ಲಿ -ಎಫ್ ಎಂಬುದು ಮೊದಲು ಬಂದ -ಐ ಅನ್ನು ರದ್ದು ಮಾಡುವುದಿಲ್ಲ. ಅಡ್ಡಹೆಸರಿನಿಂದ ಅದು ‘ಸಿಪಿ -ಐ -ಎಫ್’ ಆಗಿ, ಪ್ರಶ್ನೆ ಬಂದೇ ಬರುತ್ತದೆ. ಎಂವಿ ಮತ್ತು ಆರ್‌ಎಂಗಳಲ್ಲಿ ಕೊನೆಗೆ ಬಂದದ್ದೇ ಗೆಲ್ಲುತ್ತದೆ. ಮ್ಯಾಕ್‌ನಲ್ಲಿ ಸಿಪಿಯೂ ಹಾಗೆಯೇ. ಆದ್ದರಿಂದ ‘ಕಮಾಂಡ್ ಸಿಪಿ’ ಎಂದು ಬರೆಸಿ ಅಡ್ಡಹೆಸರನ್ನೇ ಬದಿಗಿಡುವುದು ಸರಿಯಾದ ದಾರಿ. ಆರ್‌ಎಂಗೆ -ಎಫ್ ಅನ್ನು ರೂಢಿ ಮಾಡಿಸುವುದಂತೂ ಬೇಡವೆಂದು ಕೇಳಿಕೊಳ್ಳುತ್ತೇನೆ. ತಮಗೆ ಆದ ನಷ್ಟ ಅದೇ ಜಾತಿಯದು. ತಂತ್ರಾಂಶ ಸ್ಥಾಪಿಸುವ ಆಪ್ಟ್-ಗೆಟ್‌ಗೆ -ವೈ, ದೂರದ ಯಂತ್ರಕ್ಕೆ ಸಂಪರ್ಕಿಸುವ ಎಸ್‌ಎಸ್‌ಎಚ್‌ಗೆ ‘ಬ್ಯಾಚ್‌ಮೋಡ್=ಯೆಸ್’ ಕೊಟ್ಟರೆ ಅವೂ ಸಾಮಾನ್ಯವಾಗಿ ಉತ್ತರಕ್ಕಾಗಿ ಕಾಯುವುದಿಲ್ಲ.

ಕೆಲಸದ ಲೆಕ್ಕದ ಬಗ್ಗೆ ಯಾರೂ ಹೇಳಲಿಲ್ಲ. ಏಜೆಂಟ್ ತನ್ನ ಸೆಷನ್‌ನೊಳಗೆ ಮಾಡಿಕೊಳ್ಳುವ ಪಟ್ಟಿಯನ್ನು ನೆಚ್ಚಬೇಡಿ. ಕರೆಂಟು ಹೋಗದಿದ್ದರೂ, ಮಾತುಕತೆ ಉದ್ದವಾದಂತೆ ಹಳೆಯದನ್ನು ಸಂಕ್ಷೇಪಿಸುವಾಗ ಅದರ ವಿವರಗಳು ಉದುರುತ್ತವೆ. ಪಟ್ಟಿಯನ್ನು ರೆಪಾಸಿಟರಿಯೊಳಗಿನ ಕಡತದಲ್ಲೇ ಇಟ್ಟು, ಕೋಡ್ ಬದಲಾವಣೆಯ ಜೊತೆಗೇ ಕಮಿಟ್ ಮಾಡಿಸಿ. ಪ್ರತಿ ಕೆಲಸದ ಎದುರಿಗೆ ಅದು ಯಾವುದರ ಮೇಲೆ ನಿಂತಿದೆ ಎಂಬುದೂ, ಯಾವ ಪರೀಕ್ಷೆ ಪಾಸಾದರೆ ಮುಗಿದಂತೆ ಎಂಬುದೂ ಇರಲಿ. “ಚಾಲಿಯ ದರ ಸರಿಪಡಿಸು” ಎಂದು ಬರೆದರೆ ಮುಗಿದದ್ದು ಯಾರಿಗೂ ತಿಳಿಯುವುದಿಲ್ಲ. “ಒಂದೇ ದಿನ ಎರಡು ದರ ಬಂದಾಗ ಮೊತ್ತ ಸರಿ ಬರುವ ಪರೀಕ್ಷೆ ಪಾಸಾಗಬೇಕು” ಎಂದು ಬರೆದರೆ ಹೊಸ ಸೆಷನ್ ತಾನೇ ಓಡಿಸಿ ನೋಡಬಲ್ಲದು. ಪಟ್ಟಿ ಬೆಳೆದಾಗ ‘ಬೀಡ್ಸ್’ ಎಂಬ ಮುಕ್ತ ಸಾಧನವನ್ನು ನೋಡಿ: ಅದರ ‘ಬಿಡಿ ರೆಡಿ’ (bd ready) ಆದೇಶ ಕೊಟ್ಟರೆ ಅಡ್ಡಿಯಿಲ್ಲದೆ ಈಗಲೇ ಹಿಡಿಯಬಹುದಾದ ಕೆಲಸಗಳನ್ನಷ್ಟೇ ಅದು ತೋರಿಸುತ್ತದೆ.

ಪ್ರಶ್ನೆ ಕೇಳಿದವರಿಂದ (ಶಿರಸಿ)

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಸಿಪಿಗೆ -ಎಫ್ ಹಾಕಿ ನೋಡಿದೆ, ಕುಮಟಾದವರು ಹೇಳಿದಂತೆ ಪ್ರಶ್ನೆ ಬಂತು. ‘ಕಮಾಂಡ್ ಸಿಪಿ’ಗೆ ಬರಲಿಲ್ಲ. ಏಜೆಂಟ್‌ಗೆ ಬೇರೆ ಖಾತೆ ಮಾಡಿ, ಆ ಖಾತೆಯಿಂದಲೇ ದತ್ತಾಂಶದ ಕಡತವೊಂದನ್ನು ಅಳಿಸಲು ಯತ್ನಿಸಿದೆ. ಅನುಮತಿ ಇಲ್ಲವೆಂದು ಬಂತು. ಹೋದ ಕಡತಗಳಲ್ಲಿ ಒಂದಕ್ಕೆ ಮಾತ್ರ ಹಿಂದೊಮ್ಮೆ ‘ಗಿಟ್ ಆಡ್’ ಆಗಿತ್ತು (ಆಮೇಲೆ ಹಿಂತೆಗೆದಿದ್ದೆ), ಅದು ಸಿಕ್ಕಿತು. ಉಳಿದದ್ದನ್ನು ನೆರೆಯವರ ಮನೆಗೆ ಹೋಗಿ, ಆದದ್ದನ್ನು ತಿಳಿಸಿ, ಅವರ ಕಾಗದದ ಚೀಟಿಗಳಿಂದ ಮತ್ತೆ ತುಂಬಿಸಿಕೊಳ್ಳುತ್ತೇನೆ.