ಉರಿಮೂತ್ರದ ಮೇಲೆ ಚಳಿಜ್ವರ ಬಂದಿದೆ, ಬೆಳಗಿನ ತನಕ ಕಾಯಬಹುದಾ?

ಕೇಳಿದವರು (ಬೆಂಗಳೂರು):
ನನ್ನ ತಂಗಿಗೆ 26 ವರ್ಷ. ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ನಾಲ್ಕು ದಿನದಿಂದ ಉರಿಮೂತ್ರ. ಉಷ್ಣ ಆಗಿದೆ ಅಂತ ಅಮ್ಮ ಬಾರ್ಲಿ ನೀರು, ಎಳನೀರು ಕೊಟ್ಟರು. ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ದಿನದ ಮಾತ್ರೆ ತಂದೆವು. ಉರಿ ಸ್ವಲ್ಪ ಇಳಿಯಿತು. ಆದರೆ ಇವತ್ತು ಸಂಜೆಯಿಂದ ಚಳಿಜ್ವರ. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿದೆ. ಥರ್ಮಾಮೀಟರಿನಲ್ಲಿ 103 ತೋರಿಸುತ್ತಿದೆ. ಬಲಗಡೆ ಬೆನ್ನು ನೋವು ಅಂತಾಳೆ, ಕುಡಿದ ಗಂಜಿಯೂ ವಾಂತಿಯಾಯಿತು. ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋದರೆ ಸಾಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ತುಮಕೂರಿನಿಂದ:
ಕಾಯಬೇಡಿ ಅಕ್ಕ. ಈಗಲೇ ಆಟೋ ಮಾಡಿಕೊಂಡು, ರಾತ್ರಿ ಡಾಕ್ಟರ್ ಇರುವ ಆಸ್ಪತ್ರೆಗೆ ಹೋಗಿ. ವಾಂತಿ ಆಗುವಾಗ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಇಂಜೆಕ್ಷನ್ನೇ ಬೇಕಾಗುತ್ತದೆ. ಶಾಪಿನಿಂದ ತಂದ ಮಾತ್ರೆಯ ಖಾಲಿ ಹಾಳೆಯನ್ನೂ ಜೊತೆಗಿಟ್ಟುಕೊಳ್ಳಿ. ಮದುವೆಯಾಗಿದ್ದರೆ ಮುಟ್ಟು ತಪ್ಪಿದೆಯಾ ಅಂತ ಕೇಳಿಕೊಳ್ಳಿ, ಅದನ್ನು ನೋಡಿ ಔಷಧ ಬದಲಾಗುತ್ತದೆ. ಮಿಕ್ಕಿದ್ದೆಲ್ಲ ಆಸ್ಪತ್ರೆಯಲ್ಲಿ ಕೂತು ಓದಿ.

ದಾವಣಗೆರೆಯಿಂದ:
ನನಗೂ ಮೂರು ವರ್ಷದ ಹಿಂದೆ ಹೀಗೇ ಆಯಿತು, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ಮದುವೆಗೆ ಅಂತ ರಾತ್ರಿ ಬಸ್ಸಿನಲ್ಲಿ ಹೊರಟಿದ್ದೆ. ದಾರಿಯಲ್ಲಿ ಒಂದಕ್ಕೆ ಹೋಗಲು ಜಾಗ ಸಿಗುವುದಿಲ್ಲ ಅಂತ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿದ್ದೆ. ಎಷ್ಟು ಹೆಂಗಸರು ಹೀಗೆ ಮಾಡುತ್ತೇವೆ ಅಲ್ವಾ. ವಾಪಸ್ ಬಂದ ಮೇಲೆ ಉರಿ ಶುರುವಾಯಿತು. ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿದೆ. ಮೂರನೇ ರಾತ್ರಿ ನಡುಕ ಹತ್ತಿತು. ಮಂಚವೇ ಅಲುಗಾಡುವಷ್ಟು ನಡುಕ. ಡೋಲೋ ನುಂಗಿದರೆ ಜ್ವರ ಬಿಡುತ್ತಿತ್ತು, ನಾಲ್ಕೈದು ಗಂಟೆಗೆ ಮತ್ತೆ ಏರುತ್ತಿತ್ತು. ಡೆಂಗಿ ಇರಬೇಕು ಅಂದುಕೊಂಡೆವು. ಬೆನ್ನು ನೋವನ್ನು ಬಸ್ ಪ್ರಯಾಣದ ತಲೆಗೆ ಕಟ್ಟಿದೆವು. ಹೀಗೆ ಒಂದೂವರೆ ದಿನ ಹೋಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನು ಕೂರಿಸಿ, ಬೆನ್ನಿನ ಮೇಲೆ ಕೊನೆಯ ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟು, ಅದರ ಮೇಲೆ ಮುಷ್ಟಿಯಿಂದ ಮೆಲ್ಲಗೆ ಗುದ್ದಿದರು. ಬಲಗಡೆ ಏನೂ ಅನಿಸಲಿಲ್ಲ. ಎಡಗಡೆ ತಟ್ಟಿದಾಗ ಕಿರುಚಿಬಿಟ್ಟೆ. ಸೊಂಟ ಹಿಡಿದುಕೊಂಡಾಗ ಬರುವ ನೋವಲ್ಲ ಅದು. ಇನ್ನೂ ಮೇಲೆ, ಒಂದೇ ಪಕ್ಕದಲ್ಲಿ, ಒಳಗಿನಿಂದ ಬರುತ್ತದೆ.

ಆಮೇಲೆ ಚೀಟಿಯ ಹಿಂಭಾಗದಲ್ಲಿ ಚಿತ್ರ ಬರೆದು ತೋರಿಸಿದರು. ಮೇಲೆ ಎರಡು ಕಿಡ್ನಿ, ಅಲ್ಲಿಂದ ಇಳಿಯುವ ಎರಡು ಕೊಳವೆ, ಕೆಳಗೆ ಮೂತ್ರಚೀಲ. ಇದು ಮೂತ್ರದ ಸೋಂಕು, ಹೆಚ್ಚಿನ ಸಲ ಇದಕ್ಕೆ ಕಾರಣ ನಮ್ಮ ಕರುಳಿನಲ್ಲೇ ಇರುವ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ. ಹೆಂಗಸರಲ್ಲಿ ಮೂತ್ರದ ದಾರಿ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ ಸುಮಾರು 20. ಹಾಗಾಗಿ ನಮಗೆ ಅದು ಬೇಗ ಚೀಲ ತಲುಪುತ್ತದೆ. ಚೀಲದಲ್ಲಿದ್ದಾಗ ಉರಿ, ಪದೇ ಪದೇ ಹೋಗಬೇಕು ಅನಿಸುವುದು, ಅಷ್ಟೇ. ಕೊಳವೆ ಹತ್ತಿ ಕಿಡ್ನಿಗೆ ಹೋದರೆ ಚಳಿ, ಜ್ವರ, ಪಕ್ಕೆ ನೋವು, ವಾಂತಿ. ಕಿಡ್ನಿಯಲ್ಲಿ ರಕ್ತ ಸದಾ ಓಡಾಡುತ್ತಿರುತ್ತದೆ. ಅಲ್ಲಿ ಸೇರಿದ್ದು ರಕ್ತಕ್ಕೆ ಇಳಿದರೆ ಬಿ.ಪಿ. ಬಿದ್ದು ಜೀವಕ್ಕೇ ಕುತ್ತು ಬರುತ್ತದೆ. "ಉರಿ ಇದ್ದಾಗಲೇ ಬಂದಿದ್ದರೆ ಐದು ದಿನದ ಮಾತ್ರೆಯಲ್ಲಿ ಮುಗಿಯುತ್ತಿತ್ತಮ್ಮ" ಅಂದರು.

ಮಾತ್ರೆ ತಗೊಂಡರೂ ಯಾಕೆ ಹೀಗಾಯಿತು ಅಂತ ನಿಮಗೆ ಅನಿಸುತ್ತಿರಬಹುದು. ಉರಿಮೂತ್ರಕ್ಕೆ ಕೊಡುವ ಕೆಲವು ಮಾತ್ರೆಗಳು, ಉದಾಹರಣೆಗೆ ನೈಟ್ರೋಫ್ಯುರಾಂಟಾಯಿನ್, ಮೂತ್ರಚೀಲದಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ಕಿಡ್ನಿಯ ಒಳಗೆ ಸಾಕಷ್ಟು ಸೇರುವುದಿಲ್ಲ. ಕೆಳಗೆ ಉರಿ ಕಡಿಮೆಯಾದರೂ ಮೇಲಿನ ಸೋಂಕು ಬೆಳೆಯುತ್ತಲೇ ಇರಬಹುದು. ಬಾರ್ಲಿ ನೀರು, ಎಳನೀರು ಕುಡಿಯಲಿ, ಬೇಡ ಅನ್ನುವುದಿಲ್ಲ. ಆದರೆ ಉಷ್ಣ ಅಂದುಕೊಂಡು ಅದನ್ನೇ ನಂಬಿ ಕೂರುವುದು ಬೇಡ.

ನಾನು ಐದು ದಿನ ಅಡ್ಮಿಟ್ ಆಗಿದ್ದೆ. ಎರಡನೇ ದಿನವೂ ಜ್ವರ ಇತ್ತು, ತುಂಬಾ ಹೆದರಿದ್ದೆ. ಸರಿಯಾದ ಔಷಧ ಬಿದ್ದರೂ ಜ್ವರ ಇಳಿಯಲು ಎರಡು ಮೂರು ದಿನ ಬೇಕು, ಅದಕ್ಕೂ ಮೀರಿದರೆ ಕಲ್ಲೋ ಕೀವುಗಡ್ಡೆಯೋ ಇದೆಯಾ ಅಂತ ಸ್ಕ್ಯಾನ್ ಮಾಡಿ ಹುಡುಕುತ್ತೇವೆ ಅಂದರು. ಮೂರನೇ ದಿನ ಬೆವರು ಸುರಿದು ಜ್ವರ ಬಿಟ್ಟಿತು. ಮನೆಗೆ ಬಂದ ಮೇಲೂ ಮಾತ್ರೆ ಇತ್ತು. ಆರಾಮಾಗಿದ್ದೀನಲ್ಲ ಅಂತ ಬಿಡಲು ಹೊರಟಿದ್ದೆ, ನಮ್ಮತ್ತೆ ಬಿಡಲಿಲ್ಲ. ಬರೆದುಕೊಟ್ಟಷ್ಟೂ ದಿನ ನುಂಗಿಸಿದರು.

ಲ್ಯಾಬ್ ಕೆಲಸದಲ್ಲಿರುವ ಒಬ್ಬರು, ಹುಬ್ಬಳ್ಳಿ:
ಒಂದೇ ಒಂದು ವಿಷಯ. ಆಂಟಿಬಯೋಟಿಕ್ ಇಂಜೆಕ್ಷನ್ ಶುರುವಾಗುವ ಮೊದಲೇ ಕಲ್ಚರ್ ಪರೀಕ್ಷೆಗೆ, ಅಂದರೆ ಕ್ರಿಮಿಯನ್ನು ಬೆಳೆಸಿ ಯಾವುದು ಅಂತ ನೋಡುವ ಪರೀಕ್ಷೆಗೆ, ಮೂತ್ರ ಕೊಡಿ. ಲ್ಯಾಬಿನವರು ಕೊಡುವ ಡಬ್ಬಿಯಲ್ಲೇ ಕೊಡಿ, ಮನೆಯ ಬಾಟಲಿ ಬೇಡ. ಶುರುವಿನದ್ದನ್ನು ಬಿಟ್ಟು, ನಡುವಿನದ್ದನ್ನು ಹಿಡಿಯಬೇಕು. ಡಬ್ಬಿಯ ಒಳಗೆ ಬೆರಳು ತಾಗಬಾರದು. ಹಿಡಿದ ಮೇಲೆ ತಡ ಮಾಡದೆ ಕೊಡಬೇಕು. ಎಷ್ಟೋ ಜನ ಬೆಳಿಗ್ಗೆ ಆರಕ್ಕೆ ಹಿಡಿದು ಹನ್ನೊಂದಕ್ಕೆ ತರುತ್ತಾರೆ. ಅಷ್ಟರಲ್ಲಿ ಅದರಲ್ಲಿ ಬೇರೆ ಕ್ರಿಮಿ ಬೆಳೆದು ರಿಪೋರ್ಟೇ ಕೆಡುತ್ತದೆ.

ಕಲ್ಚರ್ ರಿಪೋರ್ಟ್ ಬರಲು ಎರಡು ಮೂರು ದಿನ ಬೇಕು. ಅಲ್ಲಿಯ ತನಕ ಡಾಕ್ಟರ್ ಕಾಯುವುದಿಲ್ಲ, ಅಂದಾಜಿನ ಮೇಲೆ ಔಷಧ ಶುರು ಮಾಡುತ್ತಾರೆ. ರಿಪೋರ್ಟ್ ನೋಡಿ ಬೇಕಿದ್ದರೆ ಬದಲಿಸುತ್ತಾರೆ. ಅದರಲ್ಲಿ ಯಾವ ಔಷಧಕ್ಕೆ ಕ್ರಿಮಿ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಅಂತ ಸಾಲಾಗಿ ಇರುತ್ತದೆ. ಶಾಪಿನಲ್ಲಿ ಸುಲಭವಾಗಿ ಸಿಗುವ ನಾರ್‌ಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್ ಮುಂದೆ 'ಜಗ್ಗುವುದಿಲ್ಲ' ಅಂತ ಬರುವುದನ್ನು ನಾನು ಬಹಳ ನೋಡುತ್ತೇನೆ. ಎರಡು ದಿನ ನುಂಗಿ ನಿಲ್ಲಿಸುವ ಅಭ್ಯಾಸಕ್ಕೂ ಇದಕ್ಕೂ ಸಂಬಂಧ ಇದೆ.

ಮೈಸೂರಿನಿಂದ:
ಮನೆಯಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇದ್ದರೆ ಇದನ್ನೂ ಓದಿಕೊಳ್ಳಿ. ನಮ್ಮ ತಂದೆಗೆ 71. ಶುಗರ್ ಇದೆ. ಅವರಿಗೆ ಉರಿಯೂ ಇರಲಿಲ್ಲ, ಜ್ವರವೂ ಹೇಳುವಂಥದ್ದಲ್ಲ. ಒಂದು ಬೆಳಿಗ್ಗೆ ಅಮ್ಮನನ್ನು ನಮ್ಮ ಅತ್ತೆಯ ಹೆಸರಿನಿಂದ ಕರೆದರು. ಕಾಫಿ ಲೋಟ ಕೈಯಲ್ಲಿದ್ದರೂ ಕಾಫಿ ಎಲ್ಲಿ ಅಂತ ಕೇಳಿದರು. ಅರಳು ಮರಳು ಶುರುವಾಯಿತು ಅಂದುಕೊಂಡೆವು. ಬೆನ್ನು ನೋವು ಅಂದಿದ್ದಕ್ಕೆ ಮನೆಯಲ್ಲಿದ್ದ ಡೈಕ್ಲೋಫೆನಾಕ್ ಮಾತ್ರೆ ಕೊಟ್ಟೆ. ಕಿಡ್ನಿಗೆ ಸೋಂಕಾಗಿರುವಾಗ ಅಂಥ ನೋವಿನ ಮಾತ್ರೆ ಕಿಡ್ನಿಗೆ ಇನ್ನಷ್ಟು ಪೆಟ್ಟು ಕೊಡುತ್ತದೆ ಅಂತ ಆಮೇಲೆ ತಿಳಿಯಿತು. ಅದು ಇವತ್ತಿಗೂ ಮನಸ್ಸನ್ನು ಕೊರೆಯುತ್ತದೆ.

ಮಾರನೇ ದಿನ ಸ್ಕ್ಯಾನ್ ಮಾಡಿದರೆ ಕೊಳವೆಯಲ್ಲಿ ಕಲ್ಲು ಅಡ್ಡ ಕೂತಿತ್ತು. ಮೂತ್ರ ಇಳಿಯಲು ದಾರಿಯಿಲ್ಲದೆ ಅದರ ಹಿಂದೆ ಕೀವು ತುಂಬಿತ್ತು. ಹೀಗಾದಾಗ ಔಷಧ ಒಂದೇ ಸಾಲದು, ಮೊದಲು ದಾರಿ ಬಿಡಿಸಬೇಕಂತೆ. ರಾತ್ರಿಯೇ ಆ ಕೊಳವೆಯೊಳಗೆ ಡಿ.ಜೆ. ಸ್ಟೆಂಟ್ ಅನ್ನುವ ತೆಳು ನಳಿಗೆ ಹಾಕಿದರು. ಆರು ದಿನ ಐಸಿಯುನಲ್ಲಿದ್ದರು. ಈಗ ಓಡಾಡಿಕೊಂಡಿದ್ದಾರೆ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ ಮಾತ್ರ ಮೊದಲಿನ ಮಟ್ಟಕ್ಕೆ ಇಳಿದಿಲ್ಲ, ಮೂರು ತಿಂಗಳಿಗೊಮ್ಮೆ ನೋಡಿಸುತ್ತೇವೆ.

ಉಡುಪಿಯಿಂದ:
ಬಸುರಿಯರಿಗೆ ಉರಿ ಏನೂ ಇಲ್ಲದೆಯೂ ಮೂತ್ರದಲ್ಲಿ ಸೋಂಕು ಇರಬಹುದು. ಹಾಗೇ ಬಿಟ್ಟರೆ ಕಿಡ್ನಿಗೆ ಹತ್ತುತ್ತದೆ, ದಿನ ತುಂಬುವ ಮೊದಲೇ ಹೆರಿಗೆಯೂ ಆಗಬಹುದು. ನನಗೆ ಮಾಮೂಲಿ ಪರೀಕ್ಷೆಯಲ್ಲಿ ಸಿಕ್ಕಿತು, ಮಾತ್ರೆಯಲ್ಲೇ ವಾಸಿಯಾಯಿತು. ತಾಯಿ ಕಾರ್ಡ್ ಹಿಡಿದು ಹೋದಾಗ ಮೂತ್ರ ಪರೀಕ್ಷೆ ತಪ್ಪಿಸಬೇಡಿ.

ಕೇಳಿದವರು:
ಅವತ್ತು ರಾತ್ರಿ ಹನ್ನೊಂದೂವರೆಗೇ ಹೋದೆವು. ಬಲಗಡೆ ಕಿಡ್ನಿ ಊದಿಕೊಂಡಿದೆ, ಕಲ್ಲು ಇಲ್ಲ ಅಂದರು. ಡಬ್ಬಿಗೆ ಮೂತ್ರ ಕೊಟ್ಟ ಮೇಲೆಯೇ ಇಂಜೆಕ್ಷನ್ ಹಾಕಿಸಿದೆ. ನಿನ್ನೆ ಕಲ್ಚರ್ ಬಂತು, ಇ. ಕೋಲಿಯೇ. ಹಾಕುತ್ತಿದ್ದ ಔಷಧಕ್ಕೇ ಬಗ್ಗುತ್ತಿದೆ. ಇವತ್ತು ಜ್ವರ ಇಲ್ಲ. ಇಡ್ಲಿ ತಿಂದಳು, ಮೇಲೆ ಇನ್ನೊಂದು ಕೇಳಿದಳು. ನಿಮಗೆಲ್ಲ ಹೇಗೆ ಹೇಳಲಿ, ಅವತ್ತು ನೀವು ಹೇಳದಿದ್ದರೆ ಬೆಳಗಿನ ತನಕ ಕಂಬಳಿ ಹೊದಿಸಿಕೊಂಡೇ ಕೂತಿರುತ್ತಿದ್ದೆವು.

ಒಂದು ಸಂಕಟ ಹೇಳಲಾ. ಕೆಲಸದ ಮಧ್ಯೆ ಎದ್ದು ಹೋದರೆ ಬೈಯುತ್ತಾರೆ ಅಂತ ಇವಳು ಬೆಳಿಗ್ಗೆಯಿಂದ ಸಂಜೆ ತನಕ ಅರ್ಧ ಬಾಟಲಿ ನೀರೂ ಕುಡಿಯುತ್ತಿರಲಿಲ್ಲವಂತೆ. ಈಗ ರಜೆ ಹಾಕಿದರೆ ಸಂಬಳ ಹೋಗುತ್ತದೆ ಅಂತ ಮುಂದಿನ ವಾರವೇ ಹೊರಡುತ್ತೇನೆ ಅನ್ನುತ್ತಿದ್ದಾಳೆ.

ತುಮಕೂರಿನಿಂದ:
ಸಂಬಳದಲ್ಲಿ ಕಾರ್ಮಿಕರ ವಿಮೆಯಾದ ಇಎಸ್‌ಐ ಕಟಾವಾಗುತ್ತದಾ ನೋಡಿ. ಆಗುತ್ತಿದ್ದರೆ ಡಿಸ್ಚಾರ್ಜ್ ಕಾಗದ ತೆಗೆದುಕೊಂಡು ಇಎಸ್‌ಐ ಡಾಕ್ಟರ್ ಹತ್ತಿರ ರಜೆಯ ಸರ್ಟಿಫಿಕೇಟ್ ಮಾಡಿಸಿ. ವಂತಿಗೆ ಸರಿಯಾಗಿ ಕಟ್ಟಿದ್ದರೆ ಕಾಯಿಲೆ ರಜೆಗೆ ಕೂಲಿಯ ನೂರಕ್ಕೆ 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನದ ತನಕ. ನೀರು ಜಾಸ್ತಿ ಕುಡಿಯಬೇಕು, ಮೂತ್ರ ತಡೆಯಬಾರದು ಅಂತ ಡಾಕ್ಟರ್ ಕೈಯಲ್ಲಿ ಬೇರೆ ಚೀಟಿಯಲ್ಲಿ ಬರೆಸಿಕೊಳ್ಳಿ. ಅದರ ಒಂದು ಜೆರಾಕ್ಸ್ ಫ್ಯಾಕ್ಟರಿಗೆ ಕೊಡಿ, ಒಂದು ಅವಳ ಬ್ಯಾಗಿನಲ್ಲಿರಲಿ. ಕಲ್ಚರ್ ರಿಪೋರ್ಟನ್ನೂ ಎಸೆಯಬೇಡಿ. ಮತ್ತೊಮ್ಮೆ ಉರಿ ಬಂದರೆ ಅದನ್ನು ಹಿಡಿದುಕೊಂಡು ಅವತ್ತೇ ಹೋಗಿ.