√12 + √27 ಅಂದರೆ √39 ಯಾಕಲ್ಲ?

ಪ್ರಶ್ನೆ:
ಮಗಳು ಒಂಬತ್ತನೇ ಕ್ಲಾಸು. ನಿನ್ನೆ ಹೋಂವರ್ಕ್‌ನಲ್ಲಿ √12 + √27 = √39 ಅಂತ ಬರೆದಿದ್ದಳು. ಉತ್ತರ 5√3 ಅಂತ ನನಗೆ ಗೊತ್ತು, ಬಿಡಿಸಿಯೂ ತೋರಿಸಿದೆ. ಆದರೆ ಅವಳು "√2 × √3 ಅಂದಾಗ ಒಳಗೇ ಗುಣಿಸಿ √6 ಅಂತೀವಲ್ಲ, ಕೂಡುವಾಗ ಮಾತ್ರ ಯಾಕೆ ಒಳಗೆ ಕೂಡಬಾರದು?" ಅಂತ ಕೇಳಿದಳು. ನಿಯಮ ಹಾಗಿದೆ ಅಂತ ಸುಮ್ನೆ ಹೇಳಿದರೆ ಅವಳು ಒಪ್ಪುವುದಿಲ್ಲ. ಹೇಗೆ ಹೇಳಿಕೊಡಲಿ?

ಉತ್ತರ 1:
ಮೊದಲು ಸುಲಭದ ಲೆಕ್ಕ ಕೊಡಿ ಅಕ್ಕಾ. √9 + √16 ಅಂದರೆ 3 + 4, ಏಳು. ಒಳಗೇ ಕೂಡಿದರೆ √25, ಅಂದರೆ ಐದು. ಎರಡು ಎಲ್ಲಿ ಹೋಯಿತು ಅಂತ ಅವಳನ್ನೇ ಕೇಳಿ. ಆಮೇಲೆ √12 ಅಂದರೆ √(4 × 3), ಅದು 2√3. √27 ಅಂದರೆ √(9 × 3), ಅದು 3√3. ಎರಡು √3, ಮೂರು √3, ಒಟ್ಟು ಐದು √3. ಒಳಗೆ ಉಳಿಯುವ ಸಂಖ್ಯೆ ಒಂದೇ ಆದರೆ ಮಾತ್ರ ಹೀಗೆ ಸೇರಿಸಬಹುದು. √8 + √20 ಬಂದರೆ 2√2 + 2√5, ಅಲ್ಲಿಗೇ ನಿಲ್ಲಿಸಬೇಕು.

ಉತ್ತರ 2:
ಮಗಳ ಪ್ರಶ್ನೆ ತುಂಬಾ ಒಳ್ಳೆಯದು, "ಯಾಕೆ" ಅನ್ನುವುದನ್ನು ಬಿಡಬೇಡಿ. ಎರಡನ್ನೂ ವರ್ಗ ಮಾಡಿಸಿ ನೋಡಿ. √2 × √3 ಅನ್ನು ವರ್ಗ ಮಾಡಿದರೆ 2 × 3, ಸರಿಯಾಗಿ 6, ಏನೂ ಉಳಿಯುವುದಿಲ್ಲ. ಆದರೆ √12 + √27 ಅನ್ನು ವರ್ಗ ಮಾಡುವಾಗ (a + b)² ಸೂತ್ರ ಬರುತ್ತದೆ, ಅಲ್ವಾ? 12 + 27 ರ ಜೊತೆಗೆ ಆ 2ab ಕೂಡ ಇದೆ: 2 × √324, ಅಂದರೆ 2 × 18 = 36. ಒಟ್ಟು 75. √39 ಬರೆದಾಗ ಬಿಟ್ಟುಹೋಗಿದ್ದು ಈ 36. ಇನ್ನು √75 ಅಂದರೆ √(25 × 3), ಮತ್ತೆ ಅದೇ 5√3! ಭಾಸ್ಕರಾಚಾರ್ಯರು 12ನೇ ಶತಮಾನದಲ್ಲೇ ಬೀಜಗಣಿತದಲ್ಲಿ ಕರಣಿಗಳನ್ನು (√2, √3 ರಂಥ, ಪೂರ್ಣವಾಗಿ ಬಿಡಿಸಲಾಗದ ಮೂಲಗಳನ್ನು) ಹೀಗೆ ಕೂಡುವುದನ್ನು ಹೇಳಿದ್ದಾರೆ. ಅವರು ಕೊಟ್ಟ ಲೆಕ್ಕದಲ್ಲಿ √2 ಮತ್ತು √8 ಇವೆ. ವರ್ಗ ಮಾಡಿದರೆ 2 + 8, ಜೊತೆಗೆ 2ab ಅಂದರೆ 2 × √16 = 8, ಒಟ್ಟು 18; ಉತ್ತರ √18. ಇದನ್ನೂ ಅವಳಿಗೆ ಕೊಡಿ.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ನಾನು ಟ್ಯೂಷನ್ ಹೇಳುವಾಗ ಜಾಸ್ತಿ ನೋಡುವ ತಪ್ಪು ಬೇರೆಯೇ. √72 ಕೊಟ್ಟರೆ 4 × 18 ಅಂತ ಒಡೆದು 2√18 ಬರೆದು ನಿಲ್ಲಿಸುತ್ತಾರೆ, ಆಮೇಲೆ √72 + √50 ಕೂಡಲು ಬರುವುದಿಲ್ಲ ಅಂತ ಬಿಟ್ಟುಬಿಡುತ್ತಾರೆ. 18 ರಲ್ಲಿ ಇನ್ನೂ 9 ಕೂತಿದೆ! 36 × 2 ಅಂತ ಒಡೆದರೆ 6√2, ಜೊತೆಗೆ 5√2, ಒಟ್ಟು 11√2.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಅವಳ ಕೈಯಲ್ಲೇ ವರ್ಗ ಮಾಡಿಸಿದೆ. 36 ಬಂದ ಕೂಡಲೇ √39 ರ ಮೇಲೆ ತಾನೇ ಗೀಟು ಹಾಕಿದಳು. ಈಗ √72 + √50 ಮಾಡುತ್ತಿದ್ದಾಳೆ.