ಟೋಕಿಯೊದ 'ಇಂಡಿಯನ್ ಕರಿ' ಹೋಟೆಲಿನಲ್ಲಿ ಒಬ್ಬರೇ ಮಧ್ಯಾಹ್ನದ ಊಟ: ಸಸ್ಯಾಹಾರಿಗೆ ಏನು ಸಿಕ್ಕೀತು?

ಪ್ರಶ್ನೆ – ಕ್ಯೋಬಾಶಿಗೆ ಹೊಸಬ

ಕಚೇರಿಯ ಕೆಲಸದ ಮೇಲೆ ಕೆಲವು ತಿಂಗಳು ಟೋಕಿಯೊದಲ್ಲಿರುತ್ತೇನೆ. ಕಚೇರಿ ಕ್ಯೋಬಾಶಿಯಲ್ಲಿದೆ. ಸಹೋದ್ಯೋಗಿಗಳು ಮಧ್ಯಾಹ್ನ ರಾಮೆನ್ ಅಥವಾ ಮೀನಿನೂಟಕ್ಕೆ ಹೋಗುವುದರಿಂದ, ಮೊಟ್ಟೆಯನ್ನೂ ತಿನ್ನದ ನಾನು ಒಬ್ಬನೇ ಊಟ ಹುಡುಕಿಕೊಳ್ಳಬೇಕಾಗಿದೆ. ತಟ್ಟೆಯ ಅಂಚು ದಾಟಿ ಚಾಚಿಕೊಂಡ ನಾನ್‌ನ ಚಿತ್ರ ಹೊತ್ತ 'ಇಂಡಿಯನ್ ಕರಿ' ಫಲಕಗಳು ಎಲ್ಲೆಡೆ ಕಾಣುತ್ತವೆ. ನೂಕುನುಗ್ಗಲಿನ ಹೊತ್ತಿನಲ್ಲಿ ಒಬ್ಬನೇ ಹೋಗಿ ಮೇಜು ಹಿಡಿದು ಕೂರುವುದು ಸರಿಯೇ? ಅಲ್ಲಿನ ತರಕಾರಿ ಕರಿಯನ್ನು ನಂಬಬಹುದೇ? ಅನ್ನ-ಸಾರು ಸಿಗುವ ಜಾಗವೇನಾದರೂ ಹತ್ತಿರದಲ್ಲಿದೆಯೇ?

ಉತ್ತರ – ನಿಶಿಕಸಾಯಿ ನಿವಾಸಿ

ಒಬ್ಬರೇ ಹೋಗಲು ಸಂಕೋಚ ಬೇಡ. ಈ ಊರಿನಲ್ಲಿ ಕಚೇರಿಯವರು ಒಬ್ಬೊಬ್ಬರೇ ಉಣ್ಣುವುದು ತೀರ ಸಾಮಾನ್ಯ. ಬಾಗಿಲಲ್ಲಿ ಒಂದು ಬೆರಳೆತ್ತಿ ತೋರಿಸಿದರೆ ಕೌಂಟರಿನಲ್ಲೋ ಗೋಡೆ ಬದಿಯ ಸಣ್ಣ ಮೇಜಿನಲ್ಲೋ ಕೂರಿಸುತ್ತಾರೆ. ಹನ್ನೆರಡರಿಂದ ಒಂದರವರೆಗಿನ ಗದ್ದಲ ಕಳೆದ ಮೇಲೆ ಹೋದರೆ ಬಾಣಸಿಗರ ಜೊತೆ ಮಾತನಾಡಲು ಬಿಡುವು ಸಿಗುತ್ತದೆ, ಆದರೆ ಎರಡೂವರೆ ಅಥವಾ ಮೂರಕ್ಕೆ ಬಾಗಿಲು ಹಾಕಿ ಮತ್ತೆ ಸಂಜೆಯೇ ತೆರೆಯುವ ಅಂಗಡಿಗಳು ಬಹಳ ಇವೆ ಎಂಬುದು ನೆನಪಿರಲಿ.

ನಿಮ್ಮ ಎರಡನೆಯ ಸಂದೇಹವೇ ಮುಖ್ಯವಾದದ್ದು. ಫಲಕದ ಮೇಲೆ ನಮ್ಮ ಬಾವುಟವಿದ್ದರೂ ಇಂಥ ಅಂಗಡಿಗಳಲ್ಲಿ ಬಹಳಷ್ಟನ್ನು ನಡೆಸುವವರು ನೇಪಾಳದವರು. ವಿದೇಶಿ ಅಡುಗೆಯಲ್ಲಿ 10 ವರ್ಷದ ಅನುಭವವಿರುವ ಬಾಣಸಿಗರಿಗೆ ಜಪಾನ್ ಕೊಡುವ ವೀಸಾದ ಮೇಲೆ ಬಂದು, ಕೆಲಕಾಲ ಬೇರೆಯವರ ಬಳಿ ದುಡಿದು, ಆಮೇಲೆ ಸ್ವಂತ ಅಂಗಡಿ ತೆರೆದವರು ಅವರಲ್ಲಿ ಅನೇಕರಿದ್ದಾರೆ. ಅವರ ಲಂಚ್ ಸೆಟ್ ರೂಪುಗೊಂಡಿರುವುದು ಜಪಾನೀ ಗಿರಾಕಿಯ ನಾಲಿಗೆಗಾಗಿ. ತುಸು ಸಿಹಿಯಾದ ಮೆತ್ತನೆಯ ನಾನ್, ಕೆನೆ ಬೆರೆತ ಗ್ರೇವಿ, ಕಿತ್ತಳೆ ಬಣ್ಣದ ಡ್ರೆಸ್ಸಿಂಗ್ ಸುರಿದ ಎಲೆಕೋಸು, ಲಸ್ಸಿ, ಇಷ್ಟೆಲ್ಲ 1,000 ಯೆನ್ ಆಸುಪಾಸಿಗೆ ಸಿಗುತ್ತದೆ. ಅನೇಕ ಕಡೆ ಎರಡನೆಯ ನಾನ್‌ಗೆ ದುಡ್ಡಿಲ್ಲ, ಆದರೂ ತಟ್ಟೆಯಲ್ಲಿ ಬಿಡುವುದು ಅಲ್ಲಿ ಸಭ್ಯತೆಯಲ್ಲವಾದ್ದರಿಂದ ಅರ್ಧ ಕೇಳುವುದು ಲೇಸು. ಆ ನಾನ್‌ನ ಹಿಟ್ಟಿಗೆ ಹಾಲು, ಸಕ್ಕರೆಯ ಜೊತೆ ಮೊಟ್ಟೆ ಬೆರೆಸುವ ರೂಢಿ ಸಾಕಷ್ಟಿದೆ. ತರಕಾರಿ ಕರಿಯ ಬುಡದ ಗ್ರೇವಿಗೆ ಕೋಳಿ ಬೇಯಿಸಿದ ನೀರು (ಸ್ಟಾಕ್) ಸೇರಿರಲೂಬಹುದು. ನಮ್ಮ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯಂಥ ಕಡ್ಡಾಯ ಗುರುತು ಅಲ್ಲಿಲ್ಲ. ಮೊಟ್ಟೆ, ಹಾಲು ಮುಂತಾದ ಅಲರ್ಜಿಕಾರಕಗಳನ್ನು ನಮೂದಿಸಬೇಕೆಂಬ ಅಲ್ಲಿನ ಕಾನೂನು ಸಹ ಪೊಟ್ಟಣ ಕಟ್ಟಿದ ಆಹಾರಕ್ಕೆ ಅನ್ವಯಿಸುತ್ತದೆಯೇ ಹೊರತು ಹೋಟೆಲಿನ ತಟ್ಟೆಗಲ್ಲ. ಹೀಗಾಗಿ ಕೇಳಿಯೇ ತಿಳಿಯಬೇಕು. ಬಡಿಸುವವರಿಗೆ ಅರ್ಥವಾಗದಿದ್ದರೂ ಅಡುಗೆಮನೆಯಲ್ಲಿ ಹಿಂದಿ ನಡೆಯುತ್ತದೆ. ನಮ್ಮ ಕಚ್ಚಾ ಹಿಂದಿಯೇ ಸಾಕು.

ಉತ್ತರ – ಸಾರನ್ನಪ್ರಿಯ

ಮೇಲಿನವರು ಹೇಳಿದ್ದು ಸರಿ, ಆದರೆ ನಿಮ್ಮ ಕಚೇರಿ ಕ್ಯೋಬಾಶಿಯಲ್ಲೇ ಇರುವಾಗ ನಾನ್ ಅಂಗಡಿಗಳ ಗೊಡವೆಯಾದರೂ ಏಕೆ? ದಕ್ಷಿಣ ಭಾರತದ ಅಡುಗೆಗೆ ಹೆಸರಾದ 'ಧಾಬಾ ಇಂಡಿಯಾ' ಅಲ್ಲೇ ಹತ್ತಿರದಲ್ಲಿದೆ. ಸಾಂಬಾರು, ರಸಂ ಸಹಿತವಾದ ಮೀಲ್ಸ್ ಮತ್ತು ದೋಸೆ ಕೇಳಿದರೆ ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಉದ್ದಕ್ಕಿಯ ಅನ್ನವಿದೆಯೇ ಎಂದು ಮೊದಲೇ ಕೇಳಿಕೊಳ್ಳಿ, ಏಕೆಂದರೆ ಜಪಾನಿನ ಗಿಡ್ಡ ಅಕ್ಕಿಯ ಅಂಟನ್ನಕ್ಕೆ ರಸಂ ಸುರಿದರೆ ಅದು ಮುದ್ದೆಯಂತೆ ಒಂದೆಡೆ ನಿಲ್ಲುತ್ತದೆ, ಸಾರು ಇನ್ನೊಂದೆಡೆ ಹರಿಯುತ್ತದೆ. ನೇಪಾಳಿ ಅಂಗಡಿಗೇ ಹೋಗಬೇಕಾಗಿ ಬಂದರೆ ದಾಲ್ ಭಾತ್ ಇದೆಯೇ ಎಂದು ವಿಚಾರಿಸಿ. ನನ್ನ ಮಟ್ಟಿಗೆ, ಅವರು ತಮಗಾಗಿ ಮಾಡಿಕೊಳ್ಳುವ ಆ ಬೇಳೆ, ಅನ್ನ, ಸೊಪ್ಪಿನ ಪಲ್ಯ ಅವರ ಬಟರ್ ಗ್ರೇವಿಗಿಂತ ಎಷ್ಟೋ ಮೇಲು.

ಉತ್ತರ – ಹಳೆಯ ನಕ್ಷೆ

ಇಬ್ಬರೂ 'ಜಪಾನಿಗೆ ಒಗ್ಗಿದ' ಅಡುಗೆಯನ್ನು ತುಸು ಕೀಳಾಗಿ ಕಂಡಿದ್ದಾರೆ. ಅದಕ್ಕೂ ಒಂದು ಇತಿಹಾಸವಿದೆ. ಬ್ರಿಟಿಷ್ ಸರ್ಕಾರದ ಕಣ್ಣು ತಪ್ಪಿಸಿ 1915ರಲ್ಲಿ ಜಪಾನಿಗೆ ಬಂದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ ಅವರಿಗೆ ಆಶ್ರಯ ಕೊಟ್ಟದ್ದು ಶಿಂಜುಕುವಿನ ನಕಮುರಾಯ ಬೇಕರಿಯ ಸೋಮಾ ದಂಪತಿ. ಅವರ ಮಗಳನ್ನೇ ಬೋಸ್ ಮದುವೆಯಾದರು. ಬೋಸರ ಮುತುವರ್ಜಿಯಿಂದ 1927ರಲ್ಲಿ ಅಲ್ಲಿ ಭಾರತೀಯ ಕರಿ ಶುರುವಾಯಿತು. ಬ್ರಿಟನ್ನಿನ ಮೂಲಕ ಬಂದ ಹಿಟ್ಟು ಬೆರೆಸಿದ ಕರಿಯಷ್ಟೇ ಗೊತ್ತಿದ್ದ ಊರಿಗೆ ಅದು ಬೇರೆಯೇ ರುಚಿಯಾಗಿತ್ತು. ಬೋಸರ ಜೊತೆ ಕೆಲಸ ಮಾಡಿದ ಕೇರಳದ ಎ. ಎಂ. ನಾಯರ್ 1949ರಲ್ಲಿ ಗಿಂಜಾದಲ್ಲಿ ತೆರೆದ ಹೋಟೆಲು ನಿಮ್ಮ ಕಚೇರಿಯಿಂದ ನಡೆದುಹೋಗುವಷ್ಟು ದೂರದಲ್ಲಿ, ಕಬುಕಿಜಾ ರಂಗಮಂದಿರದ ಸಮೀಪದಲ್ಲಿದೆ. ಅಲ್ಲಿ ಹೆಸರಾದದ್ದು 'ಮುರುಗಿ ಲಂಚ್', ಅಂದರೆ ಕೋಳಿಯ ಊಟ. ಆದ್ದರಿಂದ ನಿಮಗೆ ಶಿಫಾರಸು ಮಾಡಲಾರೆ, ಆದರೆ ಮಾಂಸಾಹಾರಿ ಗೆಳೆಯರನ್ನು ಕಳಿಸಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೊದಲು ಮೀಲ್ಸ್ ಕಡೆಗೇ ಹೋಗುತ್ತೇನೆ. ಕಾರ್ಡ್ ನಡೆಯುತ್ತದೆಯೇ, ಟಿಪ್ಸ್ ಇಡಬೇಕೇ?

ಉತ್ತರ – ನಿಶಿಕಸಾಯಿ ನಿವಾಸಿ

ಟಿಪ್ಸ್ ಇಡುವ ರೂಢಿ ಇಲ್ಲ. ಮೇಜಿನ ಮೇಲೆ ಹಣ ಬಿಟ್ಟರೆ ಮರೆತಿರಿ ಎಂದು ಹಿಂದೆಯೇ ಓಡಿ ಬಂದಾರು. ಸಣ್ಣ ಅಂಗಡಿಗಳಲ್ಲಿ ಕೆಲವು ಈಗಲೂ ನಗದನ್ನಷ್ಟೇ ಪಡೆಯುವುದರಿಂದ ಜೇಬಿನಲ್ಲಿ ಒಂದೆರಡು ಸಾವಿರದ ನೋಟು ಇರಲಿ, ಮತ್ತು ಬೆಲೆಯಲ್ಲಿ ಶೇ. 10ರ ತೆರಿಗೆ ಸೇರಿದೆಯೇ ಎಂದು ಮೆನುವಿನಲ್ಲಿ ನೋಡಿಕೊಳ್ಳಿ.